ಒಂದೇ ಫಿಲ್ಮ್, ಮೂರು ನೋಟ: ಡೊಮೇನ್ ನೋಡಲು ಯಾವುದು ವಾಸಿ?

ತುಮಕೂರಿನ ಎಸ್.ಎಸ್. ಪುರಂನಿಂದ ಬೆಳಗಿನ ರೈಲಿಗೆ ಬೆಂಗಳೂರಿನ ಲ್ಯಾಬಿಗೆ ಓಡಾಡುತ್ತಾ, 20 ನ್ಯಾನೋಮೀಟರ್ ದಪ್ಪದ ಪರ್ಮಲಾಯ್ (ನಿಕ್ಕಲ್-ಕಬ್ಬಿಣದ ಮಿಶ್ರಲೋಹ) ಫಿಲ್ಮ್ ಒಂದರ ಡೊಮೇನ್‌ಗಳನ್ನು, ಅಂದರೆ ಕಾಂತತ್ವ ಒಂದೇ ದಿಕ್ಕಿಗಿರುವ ಪ್ರದೇಶಗಳನ್ನು, 200 ಕಿಲೋವೋಲ್ಟ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೂರು ವಿಧಾನದಿಂದ ನೋಡಿದೆ. ಮೂರಕ್ಕೂ ಮೊದಲು ಆಬ್ಜೆಕ್ಟಿವ್ ಲೆನ್ಸ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಅದರ ಸುಮಾರು 2 ಟೆಸ್ಲಾ ಕಾಂತಕ್ಷೇತ್ರ ಡೊಮೇನ್‌ಗಳನ್ನೇ ಅಳಿಸಿಹಾಕುತ್ತದೆ.

ಫ್ರೆನೆಲ್ ವಿಧಾನ ಸುಲಭ. ಬೇಕೆಂದೇ ಫೋಕಸ್ ತಪ್ಪಿಸಿದರೆ ಡೊಮೇನ್ ಗೋಡೆಗಳು (ಎರಡು ಡೊಮೇನ್‌ಗಳ ನಡುವಿನ ಗಡಿಗಳು) ಕಪ್ಪು-ಬಿಳಿ ಗೆರೆಗಳಾಗಿ ಮೂಡುತ್ತವೆ. ಗೋಡೆ ಸರಿಯುವುದನ್ನು ಕಣ್ಣೆದುರೇ ನೋಡಬೇಕೆಂದರೆ ಈಗಲೂ ನಾನು ಇದನ್ನೇ ಹಿಡಿಯುತ್ತೇನೆ. ಗೋಡೆಯ ಅಗಲ ಅಳೆಯಲು ಮಾತ್ರ ಈ ಮಸುಕು ಚಿತ್ರವನ್ನು ನಂಬುವಂತಿಲ್ಲ.

ಉಳಿದೆರಡರಲ್ಲಿ ಸಣ್ಣ ಕಿರಣವನ್ನು ಫಿಲ್ಮಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಓಡಿಸುತ್ತೇವೆ. ಕೆಳಗೆ ಡಿಟೆಕ್ಟರಿನ ಮೇಲೆ ಎಲೆಕ್ಟ್ರಾನ್‌ಗಳ ದುಂಡು ತಟ್ಟೆಯೊಂದು ಬೀಳುತ್ತದೆ. ಫಿಲ್ಮಿನೊಳಗೆ 1 ಟೆಸ್ಲಾ ಇದ್ದರೆ ಆ ತಟ್ಟೆ ಸರಿಯುವುದು ಬರೀ 12 ಮೈಕ್ರೋರೇಡಿಯನ್. ನಾಲ್ಕು ಹೋಳಿನ ಡಿಟೆಕ್ಟರ್ ಇದನ್ನು ತಿಪಟೂರಿನ ಕೊಬ್ಬರಿ ತಕ್ಕಡಿಯ ಹಾಗೆ ಅಳೆಯುತ್ತದೆ: ಯಾವ ಕಡೆ ಭಾರ ಅನ್ನುವುದಷ್ಟೇ ಅದಕ್ಕೆ ಗೊತ್ತು. ಪರ್ಮಲಾಯ್‌ನ ಹರಳುಕಣಗಳು ತಟ್ಟೆಯೊಳಗೆ ಮಚ್ಚೆ ಮೂಡಿಸಿದರೂ ಅದು ತಟ್ಟೆಯೇ ಸರಿಯಿತು ಅಂದುಕೊಳ್ಳುತ್ತದೆ. ಹಾಗಾಗಿ ನನ್ನ ಚಿತ್ರದ ತುಂಬಾ ರವೆ ಚೆಲ್ಲಿದಂತಿತ್ತು. ಕಣಗಳಿಲ್ಲದ ಏಕಹರಳಿನ ಫಿಲ್ಮಾದರೆ ಈ ತೊಂದರೆ ಬಹಳ ಕಡಿಮೆ. ಅಲ್ಲಿ ಇದರ ವೇಗಕ್ಕೆ ಬೆಲೆಯುಂಟು.

ಪಿಕ್ಸೆಲ್ ಡಿಟೆಕ್ಟರ್ ಇಡೀ ತಟ್ಟೆಯ ಚಿತ್ರವನ್ನೇ ಪ್ರತಿ ಚುಕ್ಕೆಯಲ್ಲೂ ತೆಗೆದಿಡುತ್ತದೆ. ನಾನು ಬಳಸಿದ್ದು ಮೆಡಿಪಿಕ್ಸ್3 ಚಿಪ್ಪಿನದು: 256×256 ಪಿಕ್ಸೆಲ್, ಒಂದೊಂದು 55 ಮೈಕ್ರೋಮೀಟರ್. ಆಮೇಲೆ ಕಂಪ್ಯೂಟರಿನಲ್ಲಿ ತಟ್ಟೆಯ ಅಂಚನ್ನು ಮಾತ್ರ ಹುಡುಕಿ, ಅದು ಎಷ್ಟು ಸರಿದಿದೆ ಎಂದು ಹೋಲಿಸಿ ನೋಡಬೇಕು. ಮಚ್ಚೆಗಳಿರುವುದು ತಟ್ಟೆಯ ಒಳಗೆ, ಕಾಂತಕ್ಷೇತ್ರ ಸರಿಸುವುದು ಅಂಚನ್ನು. ಎರಡನ್ನೂ ಬೇರ್ಪಡಿಸಲು ಸಾಧ್ಯವಾಗುವುದೇ ಇದರ ದೊಡ್ಡ ಗುಣ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ದಾರಿ ಇದು. ನನಗೆ ತಟ್ಟೆ 100 ಪಿಕ್ಸೆಲ್ ಅಗಲ ಬಂದಿತ್ತು, ಸರಿದದ್ದು ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಅಷ್ಟನ್ನೂ ಅದು ಹಿಡಿಯಿತು.

ಬೆಲೆಯೂ ತೆರಬೇಕು. ಚುಕ್ಕೆಗೆ 1 ಮಿಲಿಸೆಕೆಂಡಿನಂತೆ 256×256 ಚುಕ್ಕೆಗಳಿಗೆ ಒಂದು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಸ್ಯಾಂಪಲ್ ಜರುಗಿದರೆ ಚಿತ್ರ ಸೊಟ್ಟ. ಪಿಕ್ಸೆಲ್‌ಗೆ 2 ಬೈಟ್ ಅಂದರೂ ಒಂದೇ ಸ್ಕ್ಯಾನ್ 8.6 ಗಿಗಾಬೈಟ್. ಹಾರ್ಡ್‌ಡಿಸ್ಕ್ ಮನೆಗೆ ತಂದು ರಾತ್ರಿಯಿಡೀ ಲೆಕ್ಕ ಹಾಕಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ರವೆ ಹೋಗಿತ್ತು. ಡೊಮೇನಿನೊಳಗೆ ಕಾಂತತ್ವದ ದಿಕ್ಕು ಅತ್ತಿತ್ತ ತೊನೆಯುವ ಸಣ್ಣ ಅಲೆಗಳು, ರಿಪಲ್ ಅನ್ನುತ್ತಾರಲ್ಲ, ಅವು ಮೊದಲ ಬಾರಿಗೆ ಕಂಡವು.