‘ನ್ಯಾನೊ ಕ್ಲೇ ಇದೆ, ಯುವಿ ತಡೆಯುತ್ತೆ’ ಅಂದರೆ ನಂಬಿ ಪಾಲಿಹೌಸ್ ಶೀಟ್ ಕೊಳ್ಳಬೇಡಿ

ಪಾಲಿಹೌಸ್‌ಗೆ, ಅಂದರೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಬೆಳೆ ಮನೆಗೆ, ಹೊಸ ಶೀಟ್ ಹಾಕಿಸುವವರು ದಯವಿಟ್ಟು ಇದನ್ನು ಓದಿ. ಯುವಿ ಅಂದರೆ ಪ್ಲಾಸ್ಟಿಕ್ ಹಾಳುಮಾಡುವ ಬಿಸಿಲಿನ ಅತಿನೇರಳೆ ಕಿರಣ. ನಮ್ಮದು ಕೋಲಾರದ ಕಡೆ, ಕ್ಯಾಪ್ಸಿಕಂ ಬೆಳೆ. ಹಳೇ ಶೀಟ್ ಬದಲಿಸುವಾಗ ಡೀಲರ್ ಒಬ್ಬರು, “ಇದರಲ್ಲಿ ನ್ಯಾನೊ ಕ್ಲೇ ಇದೆ ಸಾರ್, ಬೇರೆ ಯುವಿ ಕೆಮಿಕಲ್ ಏನೂ ಬೇಡ, ವರ್ಷಗಟ್ಟಲೆ ಬಾಳುತ್ತೆ” ಎಂದು 200 ಮೈಕ್ರಾನ್ ಶೀಟ್ ಕೊಟ್ಟರು. ಮುಂದಿನ ಬೇಸಿಗೆ ಮುಗಿಯುವ ಮೊದಲೇ ಅದು ಹರಿಯತೊಡಗಿತು. ಮೊದಲು ಹೋಗಿದ್ದು ಚೌಕಟ್ಟಿನ ಜಿಐ (ಕಬ್ಬಿಣದ) ಪೈಪಿನ ಮೇಲೆ ಕೂತ ಜಾಗ. ಕಾದ ಪೈಪು ಕೆಳಗೆ, ಬಿಸಿಲು ಮೇಲೆ. ಅಲ್ಲಿ ಶೀಟ್ ಹಳದಿ ತಿರುಗಿ, ಬೆರಳಲ್ಲಿ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಂದು ಗಾಳಿಮಳೆಗೆ ಇಡೀ ಒಂದು ಬದಿ ಕಿತ್ತುಹೋಯಿತು. ಗಿಡದ ತುಂಬ ಕಾಯಿ ಇತ್ತು.

ನಮ್ಮ ಅಕ್ಕನ ಮಗಳು ಪಾಲಿಮರ್ ಓದಿದವಳು. ಅವಳು ಬಿಡಿಸಿ ಹೇಳಿದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು.

ನ್ಯಾನೊ ಕ್ಲೇ ಅನ್ನುವುದು ಸುಳ್ಳೇನಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಅದು. ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ. ಪ್ಲಾಸ್ಟಿಕ್ಕಿನಲ್ಲಿ ಚೆನ್ನಾಗಿ ಹರಡಿದರೆ ಬಿಗಿ ಬರುತ್ತದೆ, ಗಾಳಿ ನುಸುಳುವುದು ಕಡಿಮೆಯಾಗುತ್ತದೆ. ಬಿಸಿಲಿನ ಮಾತೇ ಬೇರೆ. ಈ ಜೇಡಿಯಲ್ಲಿರುವ ಕಬ್ಬಿಣದ ಅಂಶ ಪಾಲಿಥಿನ್ ಇನ್ನೂ ಬೇಗ ಹಾಳಾಗುವಂತೆ ಮಾಡಬಲ್ಲದು. ಜೇಡಿ ಪ್ಲಾಸ್ಟಿಕ್ಕಿಗೆ ಹೊಂದಲಿ ಎಂದು ಸೇರಿಸುವ ಅಮೋನಿಯಂ ರಾಸಾಯನಿಕಗಳೂ ಶೀಟ್ ತಯಾರಿಸುವ ಕಾವಿಗೆ ಒಡೆದು ಅದೇ ಕೆಲಸಕ್ಕೆ ಇಳಿಯುತ್ತವೆ. ಪ್ಲಾಸ್ಟಿಕ್ ಬಿಸಿಲಿಗೆ ಹಾಳಾಗದಂತೆ ಬೆರೆಸುವ ಸ್ಟೆಬಿಲೈಸರ್ ರಾಸಾಯನಿಕ ಹಾಕಿದ್ದರೂ ಜೇಡಿ ಅದನ್ನು ಹಿಡಿದಿಟ್ಟುಕೊಂಡು ಅದರ ಬಲ ತಗ್ಗಿಸಬಹುದು. ಯುವಿ ಹೀರುವ ವಸ್ತುವನ್ನು ಪದರಗಳ ನಡುವೆ ತುಂಬಿಸಿದ ಖನಿಜಗಳೂ ಇವೆ, ಅವು ತಡೆಯುತ್ತವೆ. ಬರೀ ಜೇಡಿಯನ್ನೇ ಯುವಿ ತಡೆಯುತ್ತೆ ಎಂದು ಮಾರುವುದು ಮೋಸ.

ಕರಿ ಪ್ಲಾಸ್ಟಿಕ್ ಪೈಪುಗಳನ್ನು ಕಾರ್ಬನ್ ಬ್ಲ್ಯಾಕ್ ಎಂಬ ಕರಿ ಪುಡಿ ಬಿಸಿಲಿನಿಂದ ಕಾಪಾಡುತ್ತದೆ, ಆದರೆ ಬೆಳಕು ಒಳಗೆ ಬಿಡುವುದಿಲ್ಲ. ಪಾಲಿಹೌಸಿಗೆ ಬೆಳಕು ಬೇಕಲ್ವಾ? ಹಾಗಾಗಿ ಬೆಳಕು ಬಿಟ್ಟೂ ಶೀಟ್ ಕಾಪಾಡುವ ಹಾಲ್ಸ್ (HALS) ಜಾತಿಯ ಸ್ಟೆಬಿಲೈಸರ್ ಇದೆಯಾ ಎಂದು ಕೇಳಿ. ಬೂದಿ ರೋಗಕ್ಕೆ ಗಂಧಕ ಹೊಡೆಯುವವರು ಅದನ್ನೂ ಮೊದಲೇ ತಿಳಿಸಿ. ಗಂಧಕಕ್ಕೆ ಹಾಲ್ಸ್ ಸೋಲುತ್ತದೆ, ಅದನ್ನು ತಾಳುವ ಶೀಟ್ ಬೇರೆ ಇರುತ್ತದೆ. ಪೈಪು ಹೆಚ್ಚು ಕಾಯದಂತೆ ಶೀಟ್ ತಾಗುವ ಕಡೆ ಅದಕ್ಕೆ ಬಿಳಿ ಬಣ್ಣ ಬಳಿಸಿ.

ಡೀಲರ್ ಈಗ “ಗಾಳಿಗೆ ಹರಿದಿದ್ದು, ಗ್ಯಾರಂಟಿ ಬರಲ್ಲ” ಅನ್ನುತ್ತಿದ್ದಾರೆ. ನೀವು ಸ್ಟೆಬಿಲೈಸರ್ ಹೆಸರು, ಗ್ಯಾರಂಟಿ ವರ್ಷ ಎರಡನ್ನೂ ಬಿಲ್ಲಿನಲ್ಲೇ ಬರೆಸಿ. ಹೊಸ ರೋಲಿನಿಂದ ಒಂದು ತುಂಡು ಕತ್ತರಿಸಿ ಕತ್ತಲಲ್ಲಿ ಎತ್ತಿಡಿ. ಮೈಸೂರಿನ ಸಿಪೆಟ್‌ (CIPET) ಎಂಬ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ಪರೀಕ್ಷೆ ಮಾಡುತ್ತಾರೆ, ತಕರಾರು ಬಂದರೆ ಹರಿದ ಶೀಟಿನ ಜೊತೆ ಆ ತುಂಡನ್ನೂ ಕೊಡಬಹುದು.