ಎಂಟು ಕಿಟಕಿಗಳ ಕೋಣೆ: ಮೈಸೂರಿನ ಆರ್.ಕೆ. ನಾರಾಯಣ್ ಮನೆ

ಮೈಸೂರಿಗೆ ಬಂದವರು ಅರಮನೆ, ಝೂ, ಚಾಮುಂಡಿ ಬೆಟ್ಟ ಅಂತ ಓಡಾಡಿ ಸುಸ್ತಾಗಿ ವಾಪಸ್ ಬಸ್ ಹತ್ತುತ್ತಾರೆ. ಇಂಗ್ಲಿಷ್‌ನಲ್ಲಿ ಕಥೆ, ಕಾದಂಬರಿ ಬರೆದ ಆರ್.ಕೆ. ನಾರಾಯಣ್ ಅವರ ಯಾದವಗಿರಿಯ ಮನೆ ಎಷ್ಟೋ ಜನರ ಪಟ್ಟಿಯಲ್ಲೇ ಇರುವುದಿಲ್ಲ. ರೈಲ್ವೆ ಸ್ಟೇಷನ್‌ಗೆ ಹತ್ತಿರವೇ ಇದೆ, ಆಟೋದವರಿಗೆ ಯಾದವಗಿರಿ ಅಂದರೆ ಸಾಕು. ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ.

ಬಿಳಿ ಬಣ್ಣದ ಎರಡು ಅಂತಸ್ತಿನ ಮನೆ. ಒಂದು ಮೂಲೆ ಅರ್ಧ ವೃತ್ತದ ಹಾಗೆ ಹೊರಗೆ ಚಾಚಿಕೊಂಡಿದೆ. 1950ರ ದಶಕದ ಶುರುವಿನಲ್ಲಿ ಅವರು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡ ಮನೆ ಇದು. 2011ರಲ್ಲಿ ಇದನ್ನು ಕೆಡವಲು ಹೊರಟಿದ್ದರು. ಊರಿನ ಜನ, ಬರಹಗಾರರು, ಪತ್ರಿಕೆಗಳು ಎಲ್ಲ ಸೇರಿ ಬೇಡ ಅಂದಿದ್ದಕ್ಕೆ ಉಳಿಯಿತು. ಆಮೇಲೆ ರಿಪೇರಿಯಾಗಿ, 2016ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

ಒಳಗೆ ವಸ್ತುಗಳು ಜಾಸ್ತಿ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟು, ಮಫ್ಲರ್, ಕನ್ನಡಕ, ಫೋಟೋಗಳು, ಪುಸ್ತಕಗಳು, ಗೋಡೆ ಮೇಲೆ ಅವರ ಮಾತುಗಳು. ಬರೀ ಸಾಮಾನು ನೋಡಿಕೊಂಡು ಹೋದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಆ ಕೋಟಿನ ಮುಂದೆ ಒಂದು ನಿಮಿಷ ನಿಲ್ಲಿ. ಹಾಕಿಕೊಂಡವರ ಅಳತೆ ಅದರಲ್ಲಿ ಹಾಗೇ ಇದೆ. ಫೋಟೋದಲ್ಲಿ ಎಷ್ಟು ಸಲ ನೋಡಿದ್ದರೂ ಅವರ ಗಾತ್ರ ಗೊತ್ತಾಗಿರಲಿಲ್ಲ, ಇದರ ಮುಂದೆ ನಿಂತಾಗ ಗೊತ್ತಾಯಿತು.

ನನಗೆ ಮುಖ್ಯ ಅನಿಸಿದ್ದು ಮಹಡಿ ಮೇಲಿನ ಬರೆಯುವ ಕೋಣೆ. ಅರ್ಧ ವೃತ್ತದ ಆ ಮೂಲೆಯಲ್ಲಿ ಎಂಟು ಕಿಟಕಿಗಳಿವೆ. ದಕ್ಷಿಣಕ್ಕೆ ಚಾಮುಂಡಿ ಬೆಟ್ಟದ ದೇವಸ್ಥಾನ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಬಯಲಿನಲ್ಲಿ ಮೇಯುವ ಕುರಿ ದನ, ನಡುವೆ ಹಾದು ಹೋಗುವ ರೈಲು, ಇದೆಲ್ಲ ಇಲ್ಲಿಂದ ಕಾಣುತ್ತಿತ್ತು ಅಂತ ಅವರೇ ಬರೆದಿದ್ದಾರೆ. ಈಗ ಬಯಲೂ ಇಲ್ಲ, ಕುರಿಯೂ ಇಲ್ಲ, ಸುತ್ತ ಮನೆಗಳೇ. ಆದರೂ ಒಂದು ಕಿಟಕಿಯಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದರೆ, ಈ ಮನುಷ್ಯ ಬರೆಯೋಕೆ ಕೂತಾಗ ಊರು ಕಣ್ಣೆದುರಿಗೇ ಇರಬೇಕು ಅಂತ ಎಷ್ಟು ಬಯಸಿದ್ದರು ಅನ್ನೋದು ಅರ್ಥವಾಗುತ್ತದೆ. ನಾನು ಬೇರೊಂದು ಊರಿನಲ್ಲಿ ಒಬ್ಬ ಹಿರಿಯರ ಮನೆ ನೋಡಲು ಹೋಗಿದ್ದೆ. ಅಲ್ಲಿ ಅವರು ಕೆಲಸ ಮಾಡುತ್ತಿದ್ದ ಕೋಣೆಗೇ ಬೀಗ, ನಾವು ಹಾಲ್‌ನಲ್ಲಿ ಶೀಲ್ಡುಗಳನ್ನು ನೋಡಿ ಬರಬೇಕಾಯಿತು. ಶೀಲ್ಡು ಎಲ್ಲಿಟ್ಟರೂ ಶೀಲ್ಡೇ ಅಲ್ವಾ? ಕೋಣೆ ಮಾತ್ರ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಸಿಗಬೇಕು.

ಕಾಲೇಜು ಓದುವ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ನಾರಾಯಣ್ ಕಾಲೇಜು ಸೇರುವ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತು ಓದಿದವರು. ಆಮೇಲೆ ಇಲ್ಲಿನ ಮಹಾರಾಜ ಕಾಲೇಜು ಸೇರಿ 1930ರಲ್ಲಿ ಬಿ.ಎ. ಮುಗಿಸಿದರು, ಅದಕ್ಕೂ ಬೇರೆಯವರಿಗಿಂತ ಒಂದು ವರ್ಷ ಜಾಸ್ತಿ ಹಿಡಿಯಿತು. ರಾಜ್ಯಸಭೆಗೆ ಹೋದಾಗ ಇದೇ ಮನುಷ್ಯ ಮಕ್ಕಳ ಸ್ಕೂಲ್ ಬ್ಯಾಗಿನ ಭಾರದ ಬಗ್ಗೆ ಮಾತಾಡಿದರು. ನಾರಾಯಣ್ ಕಥೆಗಳನ್ನು ಇಟ್ಟುಕೊಂಡು ಶಂಕರ್‌ನಾಗ್ ಮಾಡಿದ 'ಮಾಲ್ಗುಡಿ ಡೇಸ್' ಧಾರಾವಾಹಿ ನೋಡಿ ಬೆಳೆದವರು ಇಲ್ಲಿ ಆ ಬೀದಿಗಳನ್ನು ಹುಡುಕಬೇಡಿ, ಅದರ ಶೂಟಿಂಗ್ ಆಗಿದ್ದು ಆಗುಂಬೆಯಲ್ಲಿ.

ಸಮಯ ಉಳಿದರೆ ಅದೇ ದಿನ ಕೃಷ್ಣರಾಜ ಬುಲೆವಾರ್ಡ್ ಕಡೆ ಹೋಗಿ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಿ. 1891ರಲ್ಲಿ ಶುರುವಾದ ಸಂಸ್ಥೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಇಲ್ಲಿಂದಲೇ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಇನ್ನೊಂದು. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ ಕಟ್ಟಿಸಿದ ಬಂಗಲೆ, ಮುಂದೆ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವಾಯಿತು. ಅಲ್ಲಿಗೆ ಮಾತ್ರ ಸುಮ್ನೆ ಹೊರಟುಬಿಡಬೇಡಿ. ರಿಪೇರಿ ಕೆಲಸ ಇದ್ದಾಗ ಒಳಗೆ ಬಿಡುವುದಿಲ್ಲ, ವಿಚಾರಿಸಿಕೊಂಡೇ ಹೋಗಿ.