ಊರಿನ ಸಂಘವೋ, ಪ್ರಾದೇಶಿಕ ಒಕ್ಕೂಟವೋ?

ಸಾಂಕ್ರಾಮಿಕವು ಹಲವು ದೇಶಗಳಿಗೆ ಹರಡಿದಾಗ ನೆರವನ್ನು ಊರಿನ ಸಂಘದ ಮೂಲಕ ತಲುಪಿಸಬೇಕೋ, ಹಲವು ದೇಶಗಳ ಸಂಸ್ಥೆಗಳು ಸೇರಿದ ಪ್ರಾದೇಶಿಕ ಒಕ್ಕೂಟದ ಮೂಲಕವೋ ಎಂದು ಕೇಳಿದ್ದೀರಿ. ಜನರ ನಂಬಿಕೆಯ ವಿಷಯದಲ್ಲಿ ಊರಿನ ಸಂಘವೇ ಮುಂದು. 2014–16ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ಗಳಲ್ಲಿ 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಎಬೋಲಾ, ಮೃತದೇಹವನ್ನು ಮುಟ್ಟಿ ತೊಳೆಯುವ ಅಂತ್ಯಸಂಸ್ಕಾರದಿಂದಲೂ ಹಬ್ಬುತ್ತಿತ್ತು. ಆ ರೂಢಿಯನ್ನು ಬದಲಿಸುವಲ್ಲಿ ಬರಿಯ ಸರ್ಕಾರಿ ಆದೇಶ ಸಾಲದೆ, ಊರಿನ ಹಿರಿಯರು, ಧರ್ಮಗುರುಗಳು ಮತ್ತು ಸ್ಥಳೀಯ ಸ್ವಯಂಸೇವಕರ ಮಾತು ಬೇಕಾಯಿತು. ದುಃಖದಲ್ಲಿರುವ ಮನೆಯವರು ಅಪರಿಚಿತರನ್ನು ಒಡನೆ ನಂಬಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ವೆಚ್ಚದಲ್ಲಿಯೂ ಹೆಚ್ಚಾಗಿ ಸಂಘವೇ ಹಗುರ. ಆದರೆ ದೊಡ್ಡ ಮೊತ್ತದ ಲೆಕ್ಕ ಇಡುವ ಸಿಬ್ಬಂದಿ ಸಾಮಾನ್ಯವಾಗಿ ಒಕ್ಕೂಟದಲ್ಲಿರುತ್ತಾರೆ. ವದಂತಿ ಮತ್ತು ಭಯವೇ ಮುಖ್ಯ ತೊಡಕಾಗಿದ್ದರೆ ಸಂಘವನ್ನು ಆರಿಸಿ. ಗಡಿಯಲ್ಲಿ ಸಿಲುಕಿದ ವಲಸೆ ಕಾರ್ಮಿಕರ ರಕ್ಷಣೆಗೋ, ಲಸಿಕೆಯ ಸಮಾನ ಹಂಚಿಕೆಗಾಗಿ ಹಲವು ಸರ್ಕಾರಗಳನ್ನು ಒಟ್ಟಿಗೆ ಒತ್ತಾಯಿಸುವುದಕ್ಕೋ ಒಕ್ಕೂಟವೇ ಸೂಕ್ತ.